ಒರೆಸಿದರೂ ಹೋಗದ ಮಂಜು

"ಗುರುಗಳೇ, ನಿಜ ಹೇಳುವುದು ತಪ್ಪೇ?"

ಚೆನ್ನಮಲ್ಲ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆ, "ಯಾರಿಗೆ ಹೇಳಿದೆ?" ಎಂದರು.

"ನನ್ನ ಗೆಳೆಯನಿಗೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ನಾವು. ಅವನು ಕುಡಿತಕ್ಕೆ ಬಿದ್ದಿದ್ದಾನೆ. ಮನೆಯವರೆಲ್ಲ ಕಂಡೂ ಕಾಣದ ಹಾಗೆ ಇದ್ದಾರೆ. ನಾನೊಬ್ಬ ಎದುರು ನಿಂತು, ನೀನು ಕುಡುಕನಾಗಿದ್ದೀಯ, ಹೀಗೇ ಆದರೆ ಹೆಂಡತಿ ಮಕ್ಕಳು ಬೀದಿಗೆ ಬೀಳುತ್ತಾರೆ ಎಂದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಅಂದಿನಿಂದ ಅವನು ನನ್ನ ಮುಖ ನೋಡುತ್ತಿಲ್ಲ. ಕುಡಿಯುವುದನ್ನೂ ಬಿಟ್ಟಿಲ್ಲ. ಹಾಗಾದರೆ ನನ್ನ ನಿಜದಿಂದ ಆದದ್ದೇನು?"

ಗುರುಗಳು ಸುಲಿದ ಕಾಳನ್ನು ಮೊರದ ಒಂದು ಬದಿಗೆ ಸರಿಸಿದರು. ನಂತರ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಚಾಲಕನಿದ್ದ. ಸ್ವಂತ ಕಾರು ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದ. ಊರಿನವರು ಅವನನ್ನು ಡ್ರೈವರಣ್ಣ ಎನ್ನುತ್ತಿದ್ದರು. ಬಾಣಂತಿಯನ್ನು ತವರಿನಿಂದ ಕರೆತರಬೇಕೆಂದರೂ, ಜ್ವರ ಬಂದ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕೆಂದರೂ ಅವನಿಗೇ ಕರೆ ಹೋಗುತ್ತಿತ್ತು. ಅವನ ಹೆಂಡತಿ ಹೂ ಕಟ್ಟಿ ಮಾರುವವಳು. ಹಾಗಾಗಿ ಅವಳು ಎಲ್ಲರ ಬಾಯಲ್ಲಿ ಹೂವಮ್ಮ. ಬೆಳಗಾಗುತ್ತಲೇ ಗಂಡನ ಪಕ್ಕದ ಸೀಟಿನಲ್ಲಿ ಕುಳಿತು ಪೇಟೆಯ ಹೂವಿನ ಮಾರುಕಟ್ಟೆಗೆ ಹೋಗುತ್ತಿದ್ದಳು. ಬಿಡಿ ಹೂ ತಂದು, ಮನೆಯ ಮುಂದೆ ಕುಳಿತು ಮಾಲೆ ಕಟ್ಟುತ್ತಿದ್ದಳು. ಅವರಿಗೆ ಮಕ್ಕಳಿರಲಿಲ್ಲ. ಆ ಕೊರಗನ್ನು ಎಂದೋ ಒಬ್ಬರಿಗೊಬ್ಬರು ಹೇಳಿಕೊಂಡು ಮುಗಿಸಿದ್ದರು.

ಪೇಟೆಯ ದಾರಿಯ ಎರಡೂ ಬದಿಗೆ ಇಟ್ಟಿಗೆ ಗೂಡುಗಳು. ಹೋಗಿ ಬರುವಷ್ಟರಲ್ಲಿ ಕಾರಿನ ಮುಂಗಾಜಿನ ಮೇಲೆ ಕೆಂಪು ಹುಡಿ ಕೂರುತ್ತಿತ್ತು. ಚಾಲಕ ಅದನ್ನು ಒಂದು ದಿನವೂ ಹಾಗೇ ಬಿಟ್ಟವನಲ್ಲ. ಮೊದಲು ಚೊಂಬಿನಿಂದ ನೀರು ಸುರಿದು ಹುಡಿಯನ್ನು ಇಳಿಸುತ್ತಿದ್ದ. ಬಟ್ಟೆ ಮುಟ್ಟುತ್ತಿದ್ದುದು ಆಮೇಲೆ. ಒಣ ಹುಡಿಯ ಮೇಲೆ ವೈಪರ್ ಓಡಿಸಿದರೆ ಗಾಜಿಗೆ ಗೀರು ಬೀಳುತ್ತದೆ ಎನ್ನುತ್ತಿದ್ದ. ವೈಪರಿನ ಕಡ್ಡಿಗಳನ್ನು ಎತ್ತಿ, ಅವುಗಳ ರಬ್ಬರನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು ತುದಿಯವರೆಗೆ ಎಳೆಯುತ್ತಿದ್ದ. ಗಾಜಿಗೆ ನೀರು ಚಿಮ್ಮಿಸುವ ಸಣ್ಣ ತೂತುಗಳಲ್ಲಿ ಸುಣ್ಣ ಕಟ್ಟಬಾರದೆಂದು ಬಾನೆಟ್ಟಿನ ಒಳಗಿನ ಡಬ್ಬಕ್ಕೆ ಸೋಸಿದ ಮಳೆನೀರನ್ನೇ ತುಂಬುತ್ತಿದ್ದ. ಬಿಸಿಲಲ್ಲಿ ಕಾರು ನಿಲ್ಲಿಸಬೇಕಾದರೆ, ರಬ್ಬರು ಕಾದ ಗಾಜಿಗೆ ಅಂಟಿಕೊಳ್ಳದಿರಲೆಂದು ಕಡ್ಡಿಗಳನ್ನು ಎತ್ತಿ ನಿಲ್ಲಿಸುತ್ತಿದ್ದ. "ಡ್ರೈವರಣ್ಣನ ಕಾರು ಕೈ ಎತ್ತಿ ಶರಣಾಗಿದೆ ನೋಡ್ರೋ" ಎಂದು ಟ್ಯಾಕ್ಸಿ ಸ್ಟ್ಯಾಂಡಿನವರು ನಗುತ್ತಿದ್ದರು. ಅವನೂ ನಗುತ್ತಿದ್ದ.

ಒಂದು ಚಳಿಗಾಲದಲ್ಲಿ ಅವನ ನಗು ಕಡಿಮೆಯಾಯಿತು. ಗಾಜು ಮಸುಕಾಗಿದೆ ಎನ್ನತೊಡಗಿದ. ವೈಪರಿನ ರಬ್ಬರು ಸವೆದಿದೆ ಎಂದು ಹೊಸದು ಹಾಕಿಸಿದ. ಮಸುಕು ಹೋಗಲಿಲ್ಲ. ನೀರು ಸರಿಯಾಗಿ ಚಿಮ್ಮುತ್ತಿಲ್ಲ ಎಂದು ಹೆಂಡತಿಯ ಹೂ ಪೋಣಿಸುವ ಸೂಜಿ ತೆಗೆದುಕೊಂಡು ತೂತುಗಳನ್ನು ಬಿಡಿಸಿದ. ನೀರು ಛಂಗನೆ ಚಿಮ್ಮಿತು, ಮಸುಕು ಹಾಗೇ ಉಳಿಯಿತು. ಡಬ್ಬಕ್ಕೆ ಸೋಪಿನ ನೀರು ಬೆರೆಸಿದ. ಹಳೆಯ ಪೇಪರಿನಿಂದ ಉಜ್ಜಿದ. ಗ್ಯಾರೇಜಿನವನು, "ಗಾಜಿಗೇನೂ ಆಗಿಲ್ಲ ಅಣ್ಣಾ" ಎಂದಾಗ ಅವನ ಮೇಲೆ ಸಿಟ್ಟಾಗಿ ಬೇರೆ ಗ್ಯಾರೇಜಿಗೆ ಹೋಗಿ ಹೊಸ ಗಾಜನ್ನೇ ಕೂರಿಸಿಕೊಂಡು ಬಂದ.

ಮರುದಿನ ಬೆಳಿಗ್ಗೆ ಇಬ್ಬರೂ ಹೊಸ ಗಾಜಿನ ಹಿಂದೆ ಕುಳಿತು ಹೊರಟರು. ದಾರಿ ಪೂರ್ವಕ್ಕೆ ತಿರುಗಿತು. ಸೂರ್ಯ ಎದುರಿಗೆ ಬಂದ. ಚಾಲಕ ಕಣ್ಣು ಕಿರಿದು ಮಾಡಿ ನೀರಿನ ಗುಂಡಿ ಒತ್ತಿದ. ವೈಪರುಗಳು ಓಡಿದವು. ಮತ್ತೆ ಒತ್ತಿದ. ಮತ್ತೆ ಓಡಿದವು. ಪಕ್ಕದಲ್ಲಿ ಕುಳಿತ ಹೂವಮ್ಮನಿಗೆ ಆ ಗಾಜಿನಲ್ಲಿ ಎಲ್ಲವೂ ಕಾಣುತ್ತಿತ್ತು. ತಂತಿಯ ಮೇಲಿನ ಹಕ್ಕಿ ಕಾಣುತ್ತಿತ್ತು. ಇಟ್ಟಿಗೆ ಗೂಡಿನ ಹೊಗೆಯ ಎಳೆ ಎಳೆಯೂ ಕಾಣುತ್ತಿತ್ತು.

ಆಮೇಲಿನ ದಿನಗಳಲ್ಲಿ ಅವಳು ಹೊಸದೊಂದು ಅಭ್ಯಾಸ ಮಾಡಿಕೊಂಡಳು. "ಅಗೋ, ಹಾಲಿನವನ ಸೈಕಲ್ಲು" ಎನ್ನುತ್ತಿದ್ದಳು. "ಅಯ್ಯೋ, ಈ ಹೊಂಡ ಇನ್ನೂ ಮುಚ್ಚಿಲ್ಲ" ಎನ್ನುತ್ತಿದ್ದಳು. ಸುಮ್ಮನೆ ಮಾತಿಗೆ ಹೇಳಿದಂತೆ ಹೇಳುತ್ತಿದ್ದಳು. ಅವನು ಸುಮ್ಮನೆ ಕೇಳಿದಂತೆ ಕೇಳಿ ಕಾರನ್ನು ಬದಿಗೆ ಎಳೆಯುತ್ತಿದ್ದ. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಆದರೆ ಬೇರೆಯವರ ಬಾಡಿಗೆಗೆ ಅವನೊಬ್ಬನೇ ಹೋದ ದಿನ ಅವಳ ಕೈಯಲ್ಲಿ ಮಾಲೆ ಸಾಗುತ್ತಿರಲಿಲ್ಲ. ಹಾರನ್ ಕೇಳಿಸಿದಾಗಲೆಲ್ಲ ಎದ್ದು ಬೀದಿಯ ತುದಿ ನೋಡುತ್ತಿದ್ದಳು.

ಒಂದು ದಿನ ಮಾರುಕಟ್ಟೆಯಿಂದ ಬರುವಾಗ ಅವಳು ಸೇವಂತಿಗೆಯ ಮೂಟೆ ಬಿಚ್ಚಿ ಬಾಡಿದ್ದನ್ನು ಆರಿಸುತ್ತಿದ್ದಳು. ತಲೆ ಎತ್ತಿದರೆ ಎದುರಿಗೆ ಒಬ್ಬ ಹುಡುಗಿ, ತಲೆಯ ಮೇಲೆ ಹುಲ್ಲಿನ ಹೊರೆ, ರಸ್ತೆ ದಾಟುತ್ತಿದ್ದಾಳೆ. ಕಾರಿನ ವೇಗ ಕಡಿಮೆಯಾಗಿಲ್ಲ.

"ನಿಲ್ಲಿಸಿ!" ಎಂದು ಕೂಗಿದಳು.

ಕಾರು ಕಿರುಗುಟ್ಟಿ ನಿಂತಿತು. ಹುಡುಗಿ ಹೊರೆಯನ್ನು ಕೆಡವಿ ಹಿಂದಕ್ಕೆ ಹಾರಿದ್ದಳು. ಅವಳಿಗೆ ಏನೂ ಆಗಲಿಲ್ಲ. ಬೈದುಕೊಂಡು ಹೊರೆ ಎತ್ತಿ ಹೊರಟುಹೋದಳು.

ಚಾಲಕ ಇಳಿದ. "ಈ ಹಾಳು ಗಾಜು" ಎಂದ. ಹೆಗಲ ಟವೆಲ್ಲು ತೆಗೆದು ಗಾಜನ್ನು ಉಜ್ಜತೊಡಗಿದ. ನೀರು ಹಾಕುವುದನ್ನೂ ಮರೆತಿದ್ದ. ಒಂದು ಚುಕ್ಕೆಯೂ ಇಲ್ಲದ ಗಾಜನ್ನು ಉಜ್ಜಿದ್ದೇ ಉಜ್ಜಿದ್ದು. ಒಳಗೆ ಕುಳಿತ ಹೂವಮ್ಮನ ಎದುರಿಗೆ, ಗೇಣು ದೂರದಲ್ಲಿ, ಅವನ ಮುಖವಿತ್ತು. ಬೆಳಗಿನ ಬಿಸಿಲು ನೇರ ಅವನ ಕಣ್ಣಿಗೆ ಬೀಳುತ್ತಿತ್ತು. ಎರಡೂ ಕಣ್ಣಿನ ಕರಿಗುಡ್ಡೆಯ ನಡುವೆ ತಿಳಿ ಮಜ್ಜಿಗೆಯಂಥ ಬಿಳುಪು ಕಟ್ಟಿರುವುದನ್ನು ಅವಳು ಅಂದು ಕಂಡಳು.

ಅವಳಿಗೆ ಅಳು ಬಂತು. ಅಳಲಿಲ್ಲ. ಬಾಗಿಲು ತೆರೆದು ಇಳಿದು ಅವನ ಹತ್ತಿರ ಹೋಗಿ, ಉಜ್ಜುತ್ತಿದ್ದ ಕೈಯನ್ನು ಹಿಡಿದುಕೊಂಡಳು.

"ಗಾಜು ಚೆನ್ನಾಗಿದೆ ಕಣ್ರೀ. ಇನ್ನು ಒರೆಸಬೇಡಿ."

"ಮತ್ತೆ ನನಗೆ ಯಾಕೆ ಕಾಣಿಸುತ್ತಿಲ್ಲ?"

"ನಿಮ್ಮ ಕಣ್ಣಿಗೆ ಪೊರೆ ಬಂದಿದೆ."

ಅವನು ಕೈ ಕೊಸರಿಕೊಂಡ. "ಹುಟ್ಟಿದಾಗಿನಿಂದ ಒಂದು ದಿನವೂ ಸ್ಟೇರಿಂಗು ಮುಟ್ಟದವಳು ನೀನು. ನನ್ನನ್ನು ಕುರುಡ ಅನ್ನುತ್ತೀಯಾ?" ಎಂದ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಅವಳ ಜೊತೆ ಅಂಥ ದನಿಯಲ್ಲಿ ಮಾತಾಡಿರಲಿಲ್ಲ. ಕಾರಿನೊಳಗೆ ಕುಳಿತು ಕೀಲಿಗೆ ಕೈ ಹಾಕಿದ. ತಿರುಗಿಸಲಿಲ್ಲ. ಕೊನೆಗೆ, "ಹಾಗಾದರೆ ಮನೆಗೆ ಹೋಗುವುದು ಹೇಗೆ?" ಎಂದ.

"ನಡೆದುಕೊಂಡು," ಎಂದಳು ಹೂವಮ್ಮ.

ಕಾರನ್ನು ಬೇವಿನ ಮರದ ಕೆಳಗೆ ತಳ್ಳಿ ನಿಲ್ಲಿಸಿದರು. ಅವಳು ಹೂವಿನ ಮೂಟೆಯನ್ನು ತಲೆಯ ಮೇಲಿಟ್ಟುಕೊಂಡಳು. ಅವನು ಮುಂದೆ ಮುಂದೆ ಬಿರುಸಾಗಿ ನಡೆದ. ಅವಳು ಹಿಂದೆ ನಡೆದಳು. ಅವನು ಎಡವಿದಾಗ ಮಾತ್ರ ಹತ್ತಿರ ಬಂದಳು. ಸಂಜೆ ಸ್ಟ್ಯಾಂಡಿನ ಯಾರೋ ಹೋಗಿ ಕಾರನ್ನು ತಂದು ಮನೆಯ ಮುಂದೆ ಬಿಟ್ಟರು.

ಅಂದಿನಿಂದ ಅವನು ಮಾತು ಬಿಟ್ಟ. ಬಾಡಿಗೆಗೆ ಕರೆ ಬಂದರೆ ಹೋಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ. ಹೂವಮ್ಮ ಕಣ್ಣಿನ ಸುದ್ದಿಯನ್ನು ಮತ್ತೆ ಎತ್ತಲಿಲ್ಲ. ನಾನು ಹೇಳಿದ್ದು ನಿಜವಲ್ಲವೇ ಎಂದು ಕೇಳಲಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಇಟ್ಟು, ಅವನು ಉಣ್ಣುವವರೆಗೆ ಎದುರಿಗೆ ಕುಳಿತಿರುತ್ತಿದ್ದಳು. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಹೂ ತರುತ್ತಿದ್ದಳು. ಬಂದವಳು ಅಂಗಳದಲ್ಲಿ ನಿಂತ ಕಾರಿನ ಗಾಜನ್ನು ಒರೆಸುತ್ತಿದ್ದಳು. ಓಡದ ಕಾರಿನ ಗಾಜನ್ನು ಒರೆಸುವುದೇಕೆ ಎಂದು ಅಕ್ಕಪಕ್ಕದವರು ಕೇಳಿದರೆ, "ಅವರು ಎದ್ದಾಗ ಕೊಳೆಯಾಗಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ" ಎನ್ನುತ್ತಿದ್ದಳು.

ಅವಳಿಗೆ ಆ ಕೆಲಸ ಗೊತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಸರದಲ್ಲಿ ಒಣ ಬಟ್ಟೆ ಹಿಡಿದು ಹುಡಿಯ ಮೇಲೇ ಉಜ್ಜಿದಳು. ಕರಕರ ಸದ್ದು ಒಳಗಿನವರೆಗೂ ಕೇಳಿಸಿತು.

"ನೀರು! ಮೊದಲು ನೀರು ಹಾಕು!"

ಚಾಲಕ ಹೊಸ್ತಿಲಲ್ಲಿ ನಿಂತಿದ್ದ. ಇಷ್ಟು ದಿನಗಳ ಮೇಲೆ ಅವನ ಬಾಯಿಂದ ಬಂದ ಮೊದಲ ಮಾತು ಅದು.

"ನನಗೆಲ್ಲಿ ಗೊತ್ತಾಗುತ್ತದೆ. ಬಂದು ತೋರಿಸಿ," ಎಂದಳು ಅವಳು.

ಅವನು ಗೋಡೆ ಮುಟ್ಟಿಕೊಂಡು ಮೆಟ್ಟಿಲಿಳಿದು ಬಂದ. ಚೊಂಬು ಹುಡುಕಿ ನೀರು ಸುರಿದ. ಅವಳ ಮುಂಗೈ ಹಿಡಿದು, ಮೇಲಿನಿಂದ ಕೆಳಕ್ಕೆ ಬಟ್ಟೆ ಎಳೆಯುವುದನ್ನು ತೋರಿಸಿದ. ರಬ್ಬರಿನ ಅಂಚನ್ನು ಬೆರಳಿನಿಂದಲೇ ನೋಡಿ, "ಇದು ಇನ್ನೂ ಮೆತ್ತಗಿದೆ" ಎಂದ. ಕೆಲಸ ಮುಗಿದ ಮೇಲೂ ಮುಂಗೈ ಬಿಡಲಿಲ್ಲ.

"ನಮ್ಮ ಅವ್ವನಿಗೂ ಹೀಗೇ ಆಗಿತ್ತು," ಎಂದ. "ಯಾರೋ ನಾಟಿ ವೈದ್ಯ ಬಂದು ಕಣ್ಣಿಗೆ ಸೂಜಿ ಹಾಕಿದ. ಆಮೇಲೆ ಅವಳಿಗೆ ಹಗಲು ರಾತ್ರಿ ಎರಡೂ ಒಂದೇ ಆಯಿತು. ನಾನು ತೊಡೆಯ ಮೇಲೆ ಕೂತರೆ ಮುಖ ತಡವಿ ಗುರುತು ಹಿಡಿಯುತ್ತಿದ್ದಳು."

ಅವನ ಸಿಟ್ಟಿನ ಬೇರು ಯಾವುದು ಎಂಬುದು ಹೂವಮ್ಮನಿಗೆ ಆಗ ತಿಳಿಯಿತು. ಇದನ್ನು ಅವನು ಅವಳಿಗೂ ಹೇಳಿರಲಿಲ್ಲ.

"ನಾನು ಬರುತ್ತೇನೆ. ಮೊದಲು ಕೇಳಿಕೊಂಡು ಬರೋಣ. ನಿಮಗೆ ಬೇಡ ಅನ್ನಿಸಿದರೆ ಬೇಡ," ಎಂದಳು.

ಇಬ್ಬರೂ ಬಸ್ಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದರು. ಜೀವಮಾನವಿಡೀ ಊರನ್ನು ಹೊತ್ತು ತಿರುಗಿದವನು ಅಂದು ಕಿಟಕಿಯ ಪಕ್ಕ ಮಗುವಿನಂತೆ ಕುಳಿತಿದ್ದ. ಅವಳು ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಹೇಳಿದಳು. ಈ ಸಲ ಸುಮ್ಮನೆ ಮಾತಿಗೆ ಹೇಳಿದಂತೆ ನಟಿಸಲಿಲ್ಲ. ಅವನೂ ಸುಮ್ಮನೆ ಕೇಳಿದಂತೆ ನಟಿಸಲಿಲ್ಲ. "ಆಮೇಲೆ?" ಎಂದು ಕೇಳುತ್ತಿದ್ದ.

ವೈದ್ಯೆ ಕಣ್ಣು ನೋಡಿ, ಇದು ವಾಸಿಯಾಗುವಂಥದ್ದೇ ಎಂದರು. ಕಾಲ ಬದಲಾಗಿದೆ, ಅವ್ವನಿಗೆ ಆದಂತೆ ಆಗುವುದಿಲ್ಲ ಎಂದು ಬಿಡಿಸಿ ಹೇಳಿದರು. ಮೊದಲ ಕಣ್ಣಿನ ಶಸ್ತ್ರಚಿಕಿತ್ಸೆಯ ದಿನ ಹೂವಮ್ಮನನ್ನು ಬಾಗಿಲಲ್ಲೇ ತಡೆದರು. ಒಳಗೆ ಹೋಗುವಾಗ ಅವನು ತಿರುಗಿ ತಿರುಗಿ ನೋಡಿದ. "ನಾನು ಈ ಬಾಗಿಲು ಬಿಟ್ಟು ಕದಲುವುದಿಲ್ಲ," ಎಂದಳು. ಕದಲಲಿಲ್ಲ. ಕುರ್ಚಿ ಕೊಟ್ಟರೂ ಕೂರಲಿಲ್ಲ. ಒಳಗೆ ಅವನು, "ನಮ್ಮವಳು ಹೊರಗಿದ್ದಾಳಾ?" ಎಂದು ಕೇಳುತ್ತಲೇ ಇದ್ದನಂತೆ. ಆಚೆ ಬಂದ ನರ್ಸಮ್ಮ ನಗುತ್ತಾ ಹೇಳಿದಳು.

ಮರುದಿನ ಕಟ್ಟು ಬಿಚ್ಚಿದರು. ಚಾಲಕ ಕಣ್ಣು ಮಿಟುಕಿಸಿ, ಎದುರಿಗೆ ನಿಂತ ಹೆಂಡತಿಯನ್ನು ನೋಡಿದ. ನೋಡುತ್ತಲೇ ಇದ್ದ.

"ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯಿತು?" ಎಂದ.

"ನೀವು ಗಾಜು ಒರೆಸುತ್ತಿದ್ದಾಗ," ಎಂದಳು ಹೂವಮ್ಮ. ಆಗ ಅತ್ತಳು.

ಕೆಲವು ವಾರಗಳ ಮೇಲೆ ಇನ್ನೊಂದು ಕಣ್ಣಿಗೂ ಶಸ್ತ್ರಚಿಕಿತ್ಸೆ ಆಯಿತು. ವೈದ್ಯೆ ಪರೀಕ್ಷೆ ಮಾಡಿ, ಇನ್ನು ಕಾರು ಓಡಿಸಬಹುದು ಎಂದ ಮೇಲೆ ಅವನು ಮತ್ತೆ ಸೀಟಿನಲ್ಲಿ ಕುಳಿತ. ಊರಿನ ಬಾಣಂತಿಯರೂ ಕೂಸುಗಳೂ ಮತ್ತೆ ಅವನ ಕಾರಿನಲ್ಲೇ ಓಡಾಡಿದರು. ಹೂವಮ್ಮ ಪಕ್ಕದಲ್ಲಿ ಕುಳಿತು, ದಾರಿಯ ಕಡೆ ನೋಡುವ ಚಿಂತೆಯಿಲ್ಲದೆ, ತಲೆ ಬಗ್ಗಿಸಿ ಬಾಡಿದ ಹೂ ಆರಿಸಿದಳು.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನಮಲ್ಲ ಹೇಳಿದ: "ತಿಳಿಯಿತು ಗುರುಗಳೇ. ನಾನು ಬಿರುಸಾಗಿ ಹೇಳಿದೆ. ಆ ತಾಯಿಯಂತೆ ಮೆತ್ತಗೆ ಹೇಳಬೇಕಿತ್ತು."

"ಮೆತ್ತಗೆ ಹೇಳಿದರೂ ಆ ಚಾಲಕ ಸಿಟ್ಟಾಗಲಿಲ್ಲವೇ? ಅವಳ ಜೊತೆ ಮಾತನ್ನೂ ಬಿಟ್ಟನಲ್ಲ," ಎಂದರು ಗುರುಗಳು.

"ಹಾಗಾದರೆ ನನ್ನ ತಪ್ಪೇನು?"

ಗುರುಗಳು ಮೊರವನ್ನು ಪಕ್ಕಕ್ಕಿಟ್ಟು ಮೊದಲ ಬಾರಿಗೆ ಶಿಷ್ಯನ ಮುಖ ನೋಡಿದರು.

"ನಿಜ ಹೇಳಿದ ಮೇಲೆ, ಅವನ ಜೊತೆ ನೀನು ಎಲ್ಲಿಯವರೆಗೆ ನಡೆದೆ, ಮಗು?"

ಚೆನ್ನಮಲ್ಲ ಎದ್ದು ಜಗಲಿಯಿಂದ ಇಳಿದು, ಗೆಳೆಯನ ಮನೆಯ ದಾರಿ ಹಿಡಿದ.