ಮೇಲ್ಗಡೆ ಕಟ್ಟಿದ ರಿಬ್ಬನ್ನು

ನಾನು ಹೈಸ್ಕೂಲಲ್ಲಿದ್ದಾಗ ಏನಾಯ್ತು ಗೊತ್ತಾ? ನನ್ನಂಥ ಗಾಲಿಕುರ್ಚಿಯೋರೂ ನಮ್ಮೂರ ಕೋಟೆ ಹತ್ತಲಿ ಅಂತ ಇಳಿಜಾರು ಕಟ್ಟಿದ್ರು. ಅದೋ, ಗೋಡೆ ಥರ ಕಡಿದು! ಮೇಲಿಂದ ಕೆರೆ ನೋಡೋ ನನ್ನಾಸೆ ಕೆಳಗೇ ಉಳೀತು.

ಉದ್ಘಾಟನೆಗೆ ಬಂದ ಸಾಹೇಬ್ರು ಟಿಕೆಟ್ ಹರಿಯೋ ಪುಟ್ಟಮಾದಣ್ಣನ್ನ ಗದರಿದ್ರು: "ಇಳಿಜಾರು ಫಸ್ಟ್‌ಕ್ಲಾಸಾಗಿದೆ ಅಂತ ಪೇಪರ್‌ನೋರಿಗೆ ಹೇಳಯ್ಯ!"

"ಹೇಳೋದ್ಯಾಕೆ ಬುದ್ಧಿ? ರಿಬ್ಬನ್ನು ಮೇಲ್ಗಡೆ ಕಟ್ಟಿದೀನಿ. ಈ ಮಗುವಿನ ಕುರ್ಚೀಲಿ ಕೂತು, ತಾವೇ ಗಾಲಿ ತಿರುಗಿಸ್ಕೊಂಡು ಹೋಗಿ ಕತ್ತರಿಸಿ. ಫೋಟೋ ಹೆಂಗ್ ಬರ್ತದೆ ನೋಡಿ!" ಅಂದ್ರು ಪುಟ್ಟಮಾದಣ್ಣ, ನನ್ನ ಕಡೆ ಕೈ ತೋರಿಸಿ.

ಸಾಹೇಬ್ರು ಹಿಗ್ಗಿ ಕೂತ್ರು. ಎರಡು ಮಾರು ಹತ್ತಿದ್ರು, ಜರ್ರಂತ ವಾಪಸ್ಸು ಪುಟ್ಟಮಾದಣ್ಣನ ಕೈಗೆ! ಮೂರು ಸಲ! "ಒಡೆದು ಸರಿಯಾಗಿ ಕಟ್ರಯ್ಯ!" ಅಂತ ಕೂಗಿದ್ರು.

"ಆಗ್ಲಿ ಬುದ್ಧಿ. ರಿಬ್ಬನ್ನು ಅಲ್ಲೇ ಇರ್ಲಿ, ಮಗು ಬಂದು ಕತ್ತರಿಸ್ತದೆ," ಅಂದ್ರು ಪುಟ್ಟಮಾದಣ್ಣ.

ಆರು ತಿಂಗಳಿಗೆ ಹೋಗಿ ಕತ್ತರಿಸ್ದೆ! ಪುಟ್ಟಮಾದಣ್ಣ ಈಗಿಲ್ಲ. ಕೆರೆ ನೋಡೋಕೆ ಹೋದಾಗೆಲ್ಲ ಮೊದಲು ಗೇಟಲ್ಲಿ ಅವರನ್ನೇ ಹುಡುಕ್ತೀನಿ.