ನಾಲ್ಕನೆಯ ಮೂಲೆಯ ಹೂವು

ಹಳಿಯಾಳದ ಸೀಮೆಯ ಒಂದು ಪೇಟೆಯಲ್ಲಿ ಕುಮುದಿನಿಬಾಯಿ ಎಂಬ ಹೊಲಿಗೆ ಶಿಕ್ಷಕಿ ಇದ್ದರು. ಕಾನ್ವೆಂಟ್ ಶಾಲೆಯಲ್ಲಿ ಕಲಿತು, ಅದೇ ಶಾಲೆಯಲ್ಲಿ ಮೂವತ್ತೆಂಟು ವರ್ಷ ಕಲಿಸಿ ನಿವೃತ್ತರಾಗಿದ್ದರು. ಅವರ ಕೈಕೆಳಗೆ ಪಳಗಿದ ಹುಡುಗಿಯರು ತಾವೇ ಅಜ್ಜಿಯರಾದ ಮೇಲೂ, ಸೂಜಿ ಹಿಡಿದೊಡನೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಒಂದು ಇಂಚಿಗೆ ಎಂಟು ಹೊಲಿಗೆ. ಏಳಾದರೆ ಬಿಚ್ಚಬೇಕು, ಒಂಬತ್ತಾದರೂ ಬಿಚ್ಚಬೇಕು. ಅದು ಬಾಯಿಯವರ ಕಾನೂನು.

ಆ ವರ್ಷ ಶಾಲೆಗೆ ಎಪ್ಪತ್ತೈದು ತುಂಬಿತು. ಭಾನುವಾರದ ದಿನ ಊರಿನ ಕೈಕೆಲಸದವರದೊಂದು ಪ್ರದರ್ಶನ ನಡೆಯಲಿ ಎಂದರು ಶಾಲೆಯ ಮದರ್. ಯಾರಿಗೆ ಮೇಜು ಕೊಡಬೇಕು, ಯಾರಿಗೆ ಬೇಡ ಎಂಬ ತೀರ್ಮಾನವನ್ನು ಕುಮುದಿನಿಬಾಯಿಗೆ ಒಪ್ಪಿಸಿದರು. ಬಾಗಿಲ ಎದುರಿನ ದೊಡ್ಡ ಮೇಜು ಮಾತ್ರ ಬಾಯಿಯವರದೇ ಕಸೂತಿಗೆಂದು ಮೊದಲೇ ಮೀಸಲಾಗಿತ್ತು.

ಬುಧವಾರ ಮರ್ಸೆಲಿನ್ ಸಿದ್ದಿ ಎಂಬ ಹೆಂಗಸು ತಲೆಯ ಮೇಲೆ ಗಂಟು ಹೊತ್ತುಕೊಂಡು ಬಂದಳು. ಪೇಟೆಯಿಂದ ಎರಡು ಹರದಾರಿ ದೂರದ ಸಿದ್ದಿ ವಾಡೆಯವಳು. ಸಿದ್ದಿಯರ ಹಿರಿಯರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಕಡಲು ದಾಟಿ ಬಂದವರು. ಇಷ್ಟು ತಲೆಮಾರು ಇದೇ ನೆಲದಲ್ಲಿ ಬಾಳಿದರೂ ಪೇಟೆಯ ಮಂದಿ ಅವರನ್ನು ಹೊರಗಿನವರಂತೆಯೇ ನೋಡುತ್ತಿದ್ದರು. ಅವರ ಹೆಂಗಸರು ಹಳೆಯ ಬಟ್ಟೆಗಳನ್ನು ಜೋಡಿಸಿ ಹೊಲಿಯುವ ಕೌದಿಗಳನ್ನು ಮಾತ್ರ ಹಿತ್ತಿಲ ಬಾಗಿಲಲ್ಲಿ ತೆಗೆದುಕೊಳ್ಳುತ್ತಿದ್ದರು.

"ಬಾಯಾರ, ನಮಗೂ ಒಂದ್ ಟೇಬಲ್ ಬೇಕಾಗಿತ್ರಿ. ವಾಡ್ಯಾಗ ಆರು ಮಂದಿ ಹೊಲೀತೇವಿ. ಹಿತ್ತಲದಾಗ ಕೊಟ್ಟು ಸಾಕಾತು. ಮಂದಿ ನಮ್ಮ ಮಾರಿ ನೋಡಿ ಕೊಳ್ಳಲಿ ಅಂತ ಆಸೆ."

"ಎಷ್ಟನೇ ಇಯತ್ತೆ ಕಲ್ತೀದಿ?"

"ಸಾಲಿ ಕಲ್ತಿಲ್ರಿ. ಕೌದಿ ಕಲ್ತೇನ್ರಿ."

ಅವಳು ಗಂಟಿನಿಂದ ತೆಗೆದು ಹರವಿದ ಕೌದಿಯ ಮೇಲೆ ಕುಮುದಿನಿಬಾಯಿ ಟೇಪು ಬಿಚ್ಚಿದರು. ಒಂದು ಕಡೆ ಇಂಚಿಗೆ ಆರು ಹೊಲಿಗೆ, ಇನ್ನೊಂದು ಕಡೆ ಒಂಬತ್ತು. ಸಾಲುಗಳು ಹೊಳೆಯ ನೀರಿನಂತೆ ಬಾಗಿದ್ದವು.

"ಸಾಲು ಯಾಕ ಸೊಟ್ಟ ಆಗ್ಯಾವ?"

"ಅಂಚಿಂದ ಸುರು ಮಾಡಿ, ಸುತ್ತ ಹೊಲಕೋಂತ ನಡಕ್ಕ ಬರತೇವ್ರಿ. ದಾರ್ಯಾಗ ಅರಿವಿ ಬಟ್ಟಿ ಹೆಂಗ್ ಹೇಳತೈತಿ, ಹಂಗ ಹೋಗತೇವಿ."

"ಅರಿವಿ ಹೇಳೂದಿಲ್ಲ. ನಾವು ಅರಿವಿಗೆ ಹೇಳಬೇಕು."

"ಹಂಗಾರ ನಿಮ್ಮ ಅರಿವಿ ನಿಮಗ ಭಾಳ ಅಂಜತಾವ ಬಿಡ್ರಿ," ಎಂದು ಮರ್ಸೆಲಿನ್ ನಕ್ಕಳು.

ಬಾಯಿ ನಗಲಿಲ್ಲ. ಕೌದಿಯ ನಾಲ್ಕು ಮೂಲೆಗಳಲ್ಲಿ ಬಣ್ಣದ ಬಟ್ಟೆಯ ನಾಲ್ಕು ದಪ್ಪ ಗುಪ್ಪೆಗಳಿದ್ದವು. ಅವನ್ನು ಬೆರಳಿನಿಂದ ಒತ್ತಿ ನೋಡಿ, "ಈ ಗಂಟು ಯಾಕ? ಇವನ್ನ ತಗದು ಬಾ. ಟೇಬಲ್ ಕೊಡತೀನಿ," ಎಂದರು.

ಮರ್ಸೆಲಿನ್ ಮುಖದ ನಗು ಹೋಯಿತು. "ಗಂಟಲ್ರಿ, ಅವು ಫೂಲ. ಹೂವ. ಫೂಲ ಇಲ್ಲದ ಕೌದಿ ಬತ್ತಲೆ. ಬತ್ತಲೆ ಕೌದಿ ನಾವು ಯಾರಿಗೂ ಕೊಡಂಗಿಲ್ಲ, ತೋರ್ಸಂಗೂ ಇಲ್ಲ."

"ಇದೊಂದನ್ನ ಇಲ್ಲಿ ಬಿಟ್ಟು ಹೋಗು. ಶುಕ್ರವಾರ ಹೇಳತೀನಿ."

"ಜ್ವಾಕಿ ರೀ ಬಾಯಾರ. ಇದರಾಗ ಆರೂ ಮಂದಿ ಕೈ ಐತಿ. ನಾವು ತೋರ್ಸಿದ್ರ ಇದನ್ನ ತೋರ್ಸಾವ್ರು. ಇಲ್ಲಾಂದ್ರ ಬರಂಗಿಲ್ಲ."

ಕುಮುದಿನಿಬಾಯಿಯ ಮನಸ್ಸಿನಲ್ಲಿ ಕೇಡಿರಲಿಲ್ಲ. ಒಂದು ಮೂಲೆ ಚೊಕ್ಕಟವಾದರೆ ಎಷ್ಟು ಚೆಂದ ಕಾಣುತ್ತದೆಂದು ಈ ಹೆಂಗಸಿಗೆ ತೋರಿಸಿಕೊಡೋಣ ಎಂದುಕೊಂಡರು. ಊಟ ಮುಗಿಸಿ, ಕನ್ನಡಕ ಏರಿಸಿ, ಕತ್ತರಿಯ ತುದಿಯಿಂದ ಒಂದು ಫೂಲ ಬಿಚ್ಚಿದರು.

ಅದು ಅಂಗೈಗೆ ಬಿದ್ದು ತೆರೆದುಕೊಂಡಿತು. ಒಂದು ಬಟ್ಟೆಯ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಒಟ್ಟು ಏಳು ಪದರ. ಪ್ರತಿ ಪದರವೂ ಕೆಳಗಿನದಕ್ಕಿಂತ ಒಂದು ಅಕ್ಕಿಕಾಳಿನಷ್ಟು ಚಿಕ್ಕದು. ಎಲ್ಲದರ ಅಂಚೂ ಒಳಕ್ಕೆ ಮಡಚಿಕೊಂಡಿತ್ತು. ಒಂದೇ ಒಂದು ಎಳೆ ಹೊರಗೆ ಇಣುಕಿರಲಿಲ್ಲ. ಬಾಯಿ ಹೊಲಿಗೆ ಎಣಿಸಲು ನೋಡಿದರು. ಅಷ್ಟು ಸಣ್ಣ ಹೊಲಿಗೆ ಅವರ ಕಣ್ಣಿಗೆ ಎಣಿಕೆಯಾಗಲಿಲ್ಲ.

ತಾವು ಟೇಪು ಹಿಡಿದು ಹುಡುಕಿದ ಅಚ್ಚುಕಟ್ಟುತನವೆಲ್ಲ, ತಾವು ಗಂಟೆಂದು ಜರೆದದ್ದರ ಒಳಗೇ ಕೂತಿತ್ತು.

ಗುರುವಾರ ಇಡೀ ದಿನ ಅದನ್ನು ಮರಳಿ ಹೊಲಿಯಲು ಹೆಣಗಿದರು. ಆರು ಪದರ ನಿಂತರೆ ಏಳನೆಯದು ಜಾರಿತು. ಏಳೂ ನಿಂತರೆ ಅಂಚು ಬಾಯಿ ಬಿಟ್ಟಿತು. ಸಾವಿರ ಹುಡುಗಿಯರ ಹೊಲಿಗೆ ಬಿಚ್ಚಿಸಿದ ಕೈ, ತಾನು ಬಿಚ್ಚಿದ್ದನ್ನು ಹೊಲಿಯಲಾರದೆ ಮಡಿಲಲ್ಲಿ ಕೂತಿತು.

ಆಗ ಅವರಿಗೆ ತಮ್ಮ ಹಾಸಿಗೆಯ ಹಳೆಯ ಕೌದಿ ನೆನಪಾಯಿತು. ಅವರ ತಾಯಿ ಒಂದು ಸೇರು ಅಕ್ಕಿ ಕೊಟ್ಟು ಹಿತ್ತಿಲಲ್ಲಿ ತೆಗೆದುಕೊಂಡದ್ದು. ತೆಗೆದು ಹರವಿ ನೋಡಿದರೆ ನಾಲ್ಕು ಮೂಲೆಗೂ ಸವೆದ ನಾಲ್ಕು ಫೂಲ. ಅರವತ್ತು ವರ್ಷ ಅದರ ಮೇಲೆ ಮಲಗಿಯೂ ಅವು ಕಣ್ಣಿಗೆ ಬಿದ್ದಿರಲಿಲ್ಲ. ಎಳವೆಯ ಜ್ವರದಲ್ಲಿ, ಎರಡು ಬಾಣಂತನದಲ್ಲಿ, ಯಜಮಾನರು ತೀರಿಕೊಂಡ ವರ್ಷದ ಚಳಿಯಲ್ಲಿ ಮೈಗೆ ಆಗಿ ಬಂದದ್ದು ಇದೇ ಕೌದಿ. ಹೊಲಿದವಳು ಯಾರು? ತಾಯಿ ಹೇಳಿರಲಿಲ್ಲ. ಇವರು ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎರಡೂ ಕೌದಿ ಕಟ್ಟಿಕೊಂಡು ಆಟೋ ಹತ್ತಿ ಸಿದ್ದಿ ವಾಡೆಗೆ ಹೋದರು. ಮರ್ಸೆಲಿನ್‌ಳ ಜಗಲಿಯಲ್ಲಿ ಆರು ಹೆಂಗಸರು ಹೊಲಿಯುತ್ತ ಕೂತಿದ್ದರು. ಬಾಯಿ ಗಂಟು ಬಿಚ್ಚಿದರು. ಬೋಳಾದ ಮೂಲೆ ಕಂಡೊಡನೆ ಆರೂ ಸೂಜಿ ನಿಂತವು.

"ನಾನ ಬಿಚ್ಚಿದೆ," ಎಂದರು ಬಾಯಿ. "ನಿಮಗ ಒಳ್ಳೇದು ಮಾಡಾಕತ್ತೀನಿ ಅಂತ ತಿಳದು ಬಿಚ್ಚಿದೆ. ತಪ್ಪಾತು."

ಮರ್ಸೆಲಿನ್ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಮಳೆಗಾಲ ಪೂರಾ ಹೊಲ್ದದ್ರಿ ಇದು. ಈಗ ನಾಡದು ಏನ್ ಹಾಸೂಣ? ಬತ್ತಲೆ ಮಾಡಿ ತಂದೀರಿ."

"ಹೊಲಿಯಾಕ ನನಗ ಕಲಸ್ರಿ."

ಎಲ್ಲರಿಗಿಂತ ಹಿರಿಯಳಾದ ಇನಾಸಿ ಅಜ್ಜಿ ಎಲೆ ಅಡಿಕೆ ಉಗುಳಿ ಬಂದು ಹೇಳಿದಳು: "ಬಾಯಾರಿಗೆ ಚಾಪಿ ಹಾಸ್ರವಾ. ನಮ್ಮ ಸಾಲ್ಯಾಗ ಹೊಸಾ ಹುಡುಗಿ ಬಂದಾಳ."

ಹೆಂಗಸರು ನಕ್ಕರು. ಮರ್ಸೆಲಿನ್ ನಗದಿದ್ದರೂ ಸೂಜಿ ಪೋಣಿಸಿ ಕೊಟ್ಟಳು. ಬಾಯಿ ಬೆನ್ನು ನೆಟ್ಟಗೆ ಮಾಡಿ ಕೂತರು.

"ಬೆನ್ನ ಸಡ್ಲ ಬಿಡ್ರಿ ಬಾಯಾರ," ಎಂದಳು ಅಜ್ಜಿ. "ಕೌದಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಮೊದಲ ಮಡಚ್ರಿ, ಬೆರಳಿಂದ ಒತ್ರಿ. ಅದು ಕೂತ ಮ್ಯಾಲ ಸೂಜಿ."

ಮೂರು ಸಲ ಜಾರಿತು. ನಾಲ್ಕನೆಯ ಸಲಕ್ಕೆ, ಹೊತ್ತು ಇಳಿಯುವಾಗ, ಫೂಲ ನಿಂತಿತು. ಆದರೆ ತುಸು ಓರೆಯಾಗಿ ನಿಂತಿತು.

"ಬಿಚ್ಚಲೇನು?" ಬಾಯಿ ಅಭ್ಯಾಸಬಲದಿಂದ ಕೇಳಿದರು.

ಮರ್ಸೆಲಿನ್ ಅದನ್ನು ತಿರುಗಿಸಿ ನೋಡಿದಳು. ಈಗ ಅವಳಿಗೂ ನಗು ಬಂತು. "ಬ್ಯಾಡ್ರಿ. ಸೊಟ್ಟ ಆದ್ರೂ ಫೂಲ ಫೂಲನ. ಮೈ ಮುಚ್ಚಿತು, ಸಾಕು. ನಾವು ಬರತೇವಿ."

ಬಾಯಿ ಹಳೆಯ ಕೌದಿಯನ್ನು ಇನಾಸಿ ಅಜ್ಜಿಯ ಮುಂದೆ ಹರವಿದರು. ಅಜ್ಜಿಯ ಕಣ್ಣು ಮಂಜಾಗಿತ್ತು. ಬೆರಳಿನಿಂದಲೇ ಸಾಲು ಹಿಡಿದು ನಡುವಿನತನಕ ಹೋದಳು.

"ಇದು ಕೈತಾನಿ ಕೈ. ನಮ್ಮ ಅತ್ತಿ. ಆಕಿ ಸಾಲು ಯಾವಾಗ್ಲೂ ಎಡಕ್ಕ ವಾಲತಿದ್ದವು. ಎಲ್ಲಿತ್ತರೀ ಇದು ಇಷ್ಟು ವರ್ಷ?"

"ನನ್ನ ಬೆನ್ನ ಕೆಳಗ," ಎಂದರು ಕುಮುದಿನಿಬಾಯಿ. ಕೈತಾನಿ, ಕೈತಾನಿ ಎಂದು ಎರಡು ಸಲ ಹೆಸರು ಹೇಳಿಕೊಂಡರು. ಅರವತ್ತು ವರ್ಷ ತಡವಾಗಿ ಆ ಕೌದಿಗೆ ಕೈಮುಗಿದರು.

ಭಾನುವಾರ ಬಾಗಿಲ ಎದುರಿನ ದೊಡ್ಡ ಮೇಜಿನ ಮೇಲೆ ಬಾಯಿಯವರ ಕಸೂತಿ ಇರಲಿಲ್ಲ. ಅದು ಹಿಂದಿನ ಗೋಡೆಯ ಬೆಂಚಿಗೆ ಹೋಗಿತ್ತು. ದೊಡ್ಡ ಮೇಜಿನ ಮೇಲೆ ಸಿದ್ದಿ ಕೌದಿಗಳು, ಅವುಗಳ ಹಿಂದೆ ಕುರ್ಚಿಯಲ್ಲಿ ಆರು ಹೆಂಗಸರು. ಬಾಯಿ ತಮ್ಮ ದುಂಡಗಿನ ಅಕ್ಷರದಲ್ಲಿ ಆರೂ ಹೆಸರು ಬರೆದು ನಿಲ್ಲಿಸಿದ್ದರು. ಪಕ್ಕದಲ್ಲಿ ಒಂದು ಸವೆದ ಕೌದಿ, ಅದರ ಮೇಲೊಂದು ಚೀಟಿ: "ಹೊಲಿದವರು ಕೈತಾನಿ ಸಿದ್ದಿ. ಮಾರಾಟಕ್ಕಿಲ್ಲ."

ಮಧ್ಯಾಹ್ನದೊಳಗೆ ಮರ್ಸೆಲಿನ್‌ಳ ಗಂಟು ಬರಿದಾಯಿತು. ಮುಂದಿನ ಮಳೆಗಾಲದವರೆಗೆ ಹೊಲಿಯುವಷ್ಟು ಕೆಲಸ ಬಂತು.

ಬಾಯಿಯವರ ಹಳೆಯ ವಿದ್ಯಾರ್ಥಿನಿಯೊಬ್ಬಳು, ಈಗ ಆಕೆಯೂ ಹೊಲಿಗೆ ಶಿಕ್ಷಕಿ, ತೋರಿಸಲೆಂದೇ ಉಳಿಸಿಕೊಂಡಿದ್ದ, ಆರು ಮಂದಿ ಹೊಲಿದ ಕೌದಿಯನ್ನು ಮೂಲೆ ಮೂಲೆ ಹಿಡಿದು ಪರೀಕ್ಷಿಸಿದಳು. ನಾಲ್ಕನೆಯ ಮೂಲೆಗೆ ಬಂದು ನಿಂತಳು. "ಬಾಯಾರ, ಈ ಹೂವ ಒಂದು ಸೊಟ್ಟ ಐತಲ್ರಿ. ಯಾರ ಹೊಲಿಗಿ ಇದು? ನಿಮ್ಮ ಕೈಯಾಗ ಸಿಕ್ಕಿದ್ರ ಬಿಚ್ಚಸ್ತಿದ್ರಿ."

ಮರ್ಸೆಲಿನ್ ಏನೋ ಹೇಳಲು ಬಾಯಿ ತೆರೆದಳು. ಕುಮುದಿನಿಬಾಯಿ ಮೊದಲೇ ಹೇಳಿದರು:

"ಅದು ನಂದು. ಉಳದ ಮೂರು ನೋಡು. ಅವು ಕಲಿತವರ ಕೈ."

ನೀತಿ: ನಮ್ಮ ಮೈ ಬೆಚ್ಚಗಿಟ್ಟ ಕೈಗಳು ನಮ್ಮ ಊರಿನಲ್ಲೇ ಇರುತ್ತವೆ. ಅವರ ಕೆಲಸಕ್ಕೆ ನಮ್ಮ ಟೇಪು ಹಿಡಿಯುವ ಮೊದಲು ಅವರ ಹೆಸರು ಕೇಳಬೇಕು, ಅವರ ಪಕ್ಕದಲ್ಲಿ ಕೂತು ಕಲಿಯಬೇಕು, ಹಿತ್ತಿಲಲ್ಲಿ ನಿಂತವರಿಗೆ ಮುಂಬಾಗಿಲಲ್ಲಿ ಜಾಗ ಕೊಡಬೇಕು. ಹೆಸರು ಹಿಡಿದು ಹೇಳದ ಉಪಕಾರಸ್ಮರಣೆ ಫೂಲ ಇಲ್ಲದ ಕೌದಿಯಂತೆ.