ನಡುವೆ ನಿಂತದ್ದು

ಹೊಳೆಯ ಆಚೆ ದಡದ ಆಶ್ರಮದಲ್ಲಿ ಗುರು ಕೇದಾರಯ್ಯ. ಈಚೆ ದಡದ ಕುಟೀರದಲ್ಲಿ, ಉಪಗ್ರಹ ಕಳಿಸಿದ ಎಕ್ಸ್-ರೇ ದಾಖಲೆಗಳ ಮುಂದೆ, ಶಿಷ್ಯೆ ಶಾಂಭವಿ. ಹೊಳೆ ತುಂಬಿದಾಗ ಇಬ್ಬರ ನಡುವೆ ಓಡಾಡುತ್ತಿದ್ದುದು ದ್ಯಾಮಣ್ಣನ ಹರಿಗೋಲು ಮಾತ್ರ; ಹೇಳಿ ಕಳಿಸಿದ ಮಾತು ಮುಟ್ಟಿಸುವವನೂ ಅವನೇ.

ಶಾಂಭವಿ ಒಂದು ಜೋಡಿ ನಕ್ಷತ್ರವನ್ನು ಅಭ್ಯಸಿಸುತ್ತಿದ್ದಳು. ಎರಡರಲ್ಲಿ ಒಂದು ಪುಟ್ಟದು, ಅತಿ ಸಾಂದ್ರ. ಅದು ಸಂಗಾತಿಯ ಮೈಯನ್ನೇ ಎಳೆದು ನುಂಗುವಾಗ ಎಕ್ಸ್-ರೇ ಹೊಮ್ಮುತ್ತದೆ. ಆ ಕಿರಣಗಳಲ್ಲಿ ನಿಯಾನ್ ಅನಿಲ ಹೀರಿಕೊಳ್ಳುವ ಪಾಲು ಕಾಣೆಯಾಗಿತ್ತು.

ಸಂಗಾತಿಯ ಒಡಲಲ್ಲಿ ನಿಯಾನ್ ಹೇರಳವಾಗಿದೆ ಎಂದು ಅವಳು ತೀರ್ಮಾನಿಸಿದಳು. ಪ್ರಬಂಧ ಬರೆದು ಗುರುವಿಗೆ ಕಳಿಸಿದಳು.

ದ್ಯಾಮಣ್ಣ ಉತ್ತರ ತಂದ. “‘ಇನ್ನೊಮ್ಮೆ ನೋಡು’ ಅಂದಾರ.”

ಅಷ್ಟೇ.

ಹೊಳೆ ಇಳಿದ ದಿನ ಶಾಂಭವಿ ದ್ಯಾಮಣ್ಣನ ಹರಿಗೋಲಿನಲ್ಲಿ ತಾನೇ ದಾಟಿ ಹೋದಳು. ಗುರುವಿನ ಮುಂದೆ ಕುಟೀರದ ಬೀಗದ ಕೈ ಇಟ್ಟಳು.

“ಏನಿದು?”

“ನಾನು ಹೊರಟೆ. ಇಷ್ಟು ವರ್ಷದ ದುಡಿಮೆಗೆ ತಮ್ಮಿಂದ ಬಂದದ್ದು ಎರಡೇ ಮಾತು. ಮೆಚ್ಚುಗೆ ಎಂಬ ಧಾತು ತಮ್ಮಲ್ಲಿ ಇಲ್ಲವೇ ಇಲ್ಲ.”

ಗುರು ಬೀಗದ ಕೈಯನ್ನು ಮುಟ್ಟಲಿಲ್ಲ.

“ಈ ದಡದಲ್ಲಿ ನಿನ್ನ ಅಜ್ಜಿಯೂ ಇದ್ದಾಳಲ್ಲ, ಅವಳು ದ್ಯಾಮಣ್ಣನ ಕೈಲಿ ಏನು ಹೇಳಿ ಕಳಿಸಿದ್ದಳು?”

“‘ಹೊತ್ತಿಗೆ ಸರಿಯಾಗಿ ಉಣ್ಣು’ ಎಂದು.”

“ನಿನ್ನ ಅಜ್ಜಿ ಅಷ್ಟಕ್ಕೇ ನಿಲ್ಲಿಸುವವಳೇ?”

ಸಿಟ್ಟಿನ ನಡುವೆಯೂ ಶಾಂಭವಿಗೆ ನಗು ಬಂತು. “ಊಟದಿಂದ ಹೊರಟರೆ ನನ್ನ ಮದುವೆಯವರೆಗೆ ಬಂದೇ ಅವಳು ಉಸಿರು ಬಿಡುವುದು.”

“ನನ್ನ ಮಾತಿನಲ್ಲೂ ಕೊರತೆ, ಅವಳ ಮಾತಿನಲ್ಲೂ ಅದೇ ಕೊರತೆ. ಆ ಕೊರತೆ ಯಾರದು?”

ಅಂಗಳದ ಅಂಚಿನ ದಡದಲ್ಲಿ ಹರಿಗೋಲು ಕಟ್ಟುತ್ತಿದ್ದ ದ್ಯಾಮಣ್ಣ ತಲೆ ಎತ್ತಿದ. “ಸೆಳವಿನ್ಯಾಗ ಹುಟ್ಟು ಹಾಕಲ್ಯೋ, ನಿಮ್ಮೆಲ್ಲಾರ ಪುರಾಣ ಹೊತ್ತುಕೊಂಡು ಬರಲ್ಯೋ, ತಂಗೀ?”

ಶಾಂಭವಿಗೆ ತಟ್ಟನೆ ತನ್ನ ನಕ್ಷತ್ರದ ಕಿರಣ ನೆನಪಾಯಿತು. ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು.

ಅದೇ ದಿಕ್ಕಿನಲ್ಲಿ, ಅಷ್ಟೇ ದೂರದಲ್ಲಿ, ಬೇರೆ ಬಗೆಯ ಇನ್ನೊಂದು ಎಕ್ಸ್-ರೇ ಆಕರವಿತ್ತು. ಎರಡನ್ನೂ ಅವಳು ಎಂದೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಲಿಲ್ಲ. ಈಗ ನೋಡಿದಳು.

ಅಲ್ಲಿಯೂ ನಿಯಾನಿನ ಪಾಲು ಕಾಣೆ. ಅಷ್ಟೇ ಪ್ರಮಾಣದಲ್ಲಿ.

“ಗುರುಗಳೇ, ಈ ನಿಯಾನ್ ನಕ್ಷತ್ರದ್ದಲ್ಲ. ದಾರಿಯಲ್ಲಿರುವ ಅನಿಲದ್ದು. ನನ್ನ ತೀರ್ಮಾನ ತಪ್ಪು.”

“ಪ್ರಬಂಧ ಪತ್ರಿಕೆಗೆ ಹೋಯಿತೇ?”

“ಇಲ್ಲ. ತಮ್ಮ ಮೇಲಿನ ಸಿಟ್ಟಿನಲ್ಲಿ ಕಳಿಸುವುದನ್ನೇ ಮರೆತೆ.”

ಗುರು ಗಟ್ಟಿಯಾಗಿ ನಕ್ಕರು. ಎದೆಯ ಮೇಲಿನ ಕಲ್ಲು ಇಳಿದಂತೆ ಶಾಂಭವಿಯೂ ನಕ್ಕಳು. ಬೀಗದ ಕೈ ತೆಗೆದುಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

“ಹಾಗಾದರೆ ಆ ದಿನ ತಾವು ಹೇಳಿ ಕಳಿಸಿದ್ದು ಏನೇನು?”

ಗುರು ಚಾಪೆಯ ಮೇಲೆ ಸರಿದು ಜಾಗ ಮಾಡಿದರು.

“ಹೊಳೆ ದಾಟಿ ಬಂದೆಯಲ್ಲ. ಹತ್ತಿರ ಕೂತು ಕೇಳು.”